ಯುವಕ ಸಂಘದ ನೋಂದಣಿ: ಏಳು ಸಹಿ, ಆಮೇಲೆ ವರ್ಷ ವರ್ಷವೂ ಲೆಕ್ಕ



ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಂಥ ಊರುಗಳಲ್ಲಿ ಹುಡುಗರು ಸೇರುವುದು ಗಣಪತಿ ಹಬ್ಬಕ್ಕೆ, ವಾಲಿಬಾಲ್ ಪಂದ್ಯಕ್ಕೆ, ಇಲ್ಲವೇ ಯಾರದೋ ಮನೆಯ ಕಷ್ಟಕ್ಕೆ. ಹೀಗೆ ಸೇರಿದವರು ಚಂದಾ ಎತ್ತುತ್ತಾರೆ, ಶಾಮಿಯಾನ, ಪಾತ್ರೆ ಕೊಳ್ಳುತ್ತಾರೆ. ದುಡ್ಡು ಒಬ್ಬನ ಉಳಿತಾಯ ಖಾತೆಯಲ್ಲಿ, ಸಾಮಾನು ಇನ್ನೊಬ್ಬನ ಅಟ್ಟದ ಮೇಲೆ. ಖಾತೆ ಇದ್ದವನು ಕೆಲಸ ಹಿಡಿದು ಬೆಂಗಳೂರಿಗೆ ಹೋದನೆಂದರೆ ತಕರಾರು ಶುರು. ಬ್ಯಾಂಕಿನ ಮಟ್ಟಿಗೆ ಅದು ಅವನದೇ ಹಣ. ಊರಿನದೆಂದು ಹೇಳಲು ಕಾಗದವೇ ಇಲ್ಲ. ಸಂಘವನ್ನು ನೋಂದಾಯಿಸಬೇಕಾದುದು ಮುಖ್ಯವಾಗಿ ಇದಕ್ಕೆ.

ನಮ್ಮ ಡೈರಿ ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ. ಯುವಕ ಸಂಘಕ್ಕೆ ಬೇರೆ ಕಾಯ್ದೆಯಿದೆ: 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಎರಡನ್ನೂ ನೋಡಿಕೊಳ್ಳುವುದು ಸಹಕಾರ ಇಲಾಖೆಯೇ ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. ಡೈರಿಯ ಲಾಭದಲ್ಲಿ ಸದಸ್ಯರಿಗೆ ಬೋನಸ್ ಬರುತ್ತದೆ. ಯುವಕ ಸಂಘದಲ್ಲಿ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಸಂಘದ ಉದ್ದೇಶಕ್ಕೇ ಖರ್ಚಾಗಬೇಕು.

ಸಂಘ ಕಟ್ಟಲು 18 ವರ್ಷ ತುಂಬಿದ ಕನಿಷ್ಠ ಏಳು ಜನ ಬೇಕು. ಪಿಯುಸಿ ಓದುವ ಹುಡುಗ ಎಷ್ಟೇ ಚುರುಕಾಗಿದ್ದರೂ ವಯಸ್ಸು ತುಂಬದೆ ಸಹಿ ಹಾಕುವಂತಿಲ್ಲ. ಏಳರಲ್ಲಿ ನಾಲ್ಕು ಜನ ಒಂದೇ ಮನೆಯವರಾಗುವುದು ಚೆನ್ನಲ್ಲ. ಊರಿನಲ್ಲೇ ಉಳಿಯುವವರು, ಹೆಣ್ಣುಮಕ್ಕಳು ಇದ್ದರೆ ಸಂಘ ಬಾಳುತ್ತದೆ.

ಮೊದಲು ಸಭೆ ಸೇರಿ ಹೆಸರು, ಉದ್ದೇಶ, ಪದಾಧಿಕಾರಿಗಳನ್ನು ತೀರ್ಮಾನಿಸಿ ನಡವಳಿ ಪುಸ್ತಕದಲ್ಲಿ ಬರೆಯಿರಿ. ಈಗಾಗಲೇ ನೋಂದಣಿಯಾದ ಸಂಘದ ಹೆಸರನ್ನೋ ಅದನ್ನೇ ಹೋಲುವ ಹೆಸರನ್ನೋ ಕೊಡುವುದಿಲ್ಲ. ಆದ್ದರಿಂದ ಎರಡು ಮೂರು ಹೆಸರು ಯೋಚಿಸಿಟ್ಟುಕೊಳ್ಳಿ. ಊರಿನ ಹೆಸರು ಸೇರಿಸಿದರೆ ಕೆಲಸ ಸಲೀಸು.

ಆಮೇಲೆ ಸಿದ್ಧವಾಗಬೇಕಾದುದು ಮೆಮೊರಂಡಂ ಮತ್ತು ಬೈಲಾ. ಮೆಮೊರಂಡಂನಲ್ಲಿ ಸಂಘದ ಹೆಸರು, ವಿಳಾಸ, ಉದ್ದೇಶ, ಆಡಳಿತ ಮಂಡಳಿಯವರ ಹೆಸರು, ಉದ್ಯೋಗ, ವಿಳಾಸ ಇರುತ್ತದೆ. ಏಳೂ ಜನ ಸಹಿ ಹಾಕುತ್ತಾರೆ. ಬೈಲಾವನ್ನು ಪೇಟೆಯಿಂದ ತಂದ ಮಾದರಿಯಲ್ಲಿ ಹೆಸರು ಮಾತ್ರ ಬದಲಿಸಿ ಒಪ್ಪಿಸುವವರೇ ಹೆಚ್ಚು. ಹಾಗೆ ಮಾಡಬೇಡಿ. ಜಗಳ ಬಂದಾಗ ಎಲ್ಲರೂ ತೆರೆದು ನೋಡುವುದು ಅದನ್ನೇ. ಸದಸ್ಯತ್ವ ಯಾರಿಗೆ, ಶುಲ್ಕ ಎಷ್ಟು, ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ಸಭೆಗೆ ಕೋರಂ ಎಷ್ಟು, ಚೆಕ್ಕಿಗೆ ಯಾರ ಯಾರ ಸಹಿ, ಊರು ಬಿಟ್ಟ ಪದಾಧಿಕಾರಿಯ ಜಾಗಕ್ಕೆ ಯಾರು ಎಂಬುದನ್ನು ನಿಮ್ಮ ಊರಿಗೆ ಹೊಂದುವಂತೆ ಬರೆಸಿ. ಡೈರಿಯ ಕಾರ್ಯದರ್ಶಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬೈಲಾ ಎಲ್ಲಿ ಕೈಕೊಡುತ್ತದೆಂದು ಅವರಿಗೆ ಗೊತ್ತು.

ಇವುಗಳ ಜೊತೆಗೆ ಏಳೂ ಜನರ ಗುರುತಿನ ದಾಖಲೆ, ಕಚೇರಿಯ ವಿಳಾಸಕ್ಕೆ ಪುರಾವೆ ಬೇಕಾಗುತ್ತದೆ. ಕಚೇರಿ ಬೇರೆಯವರ ಕಟ್ಟಡದಲ್ಲಿದ್ದರೆ ಮಾಲೀಕರ ಒಪ್ಪಿಗೆ ಪತ್ರವನ್ನೂ ಇಟ್ಟುಕೊಳ್ಳಿ. ಅರ್ಜಿ ಹೋಗುವುದು ಚಿಕ್ಕಮಗಳೂರಿನ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಈ ದಿನದ ಶುಲ್ಕ, ದಾಖಲೆ ಪಟ್ಟಿಯನ್ನು ಮೊದಲೇ ವಿಚಾರಿಸಿಕೊಂಡರೆ ಬಾಳೆಹೊನ್ನೂರು ಘಟ್ಟದ ದಾರಿಯಲ್ಲಿ ಎರಡನೇ ಸಲ ಓಡಾಡುವುದು ತಪ್ಪುತ್ತದೆ. ಪ್ರಮಾಣಪತ್ರ ಬಂದ ಮೇಲೆ ಸಂಘದ ಹೆಸರಿಗೇ ಪ್ಯಾನ್ ಮಾಡಿಸಿ, ಜಂಟಿ ಸಹಿಯ ಖಾತೆ ತೆರೆಯಿರಿ.

ಬಹುಪಾಲು ಸಂಘಗಳು ಸೋಲುವುದು ಇದರ ನಂತರ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಮರೆತುಬಿಡುತ್ತಾರೆ. ಕಾಯ್ದೆಯಂತೆ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಯಬೇಕು. ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಜಮಾ ಖರ್ಚು, ಆಸ್ತಿ ಜವಾಬ್ದಾರಿ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಬಿಟ್ಟರೆ ದಂಡ ಏರುತ್ತದೆ. ಅನುದಾನಕ್ಕೆ ಅರ್ಜಿ ಹಾಕುವಾಗ ಕೇಳುವುದೂ ಈ ಲೆಕ್ಕಪತ್ರಗಳನ್ನೇ. ನೋಂದಣಿ ಆದ ಮಾತ್ರಕ್ಕೆ ಅನುದಾನ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಗೊಂದಲ. ನೆಹರು ಯುವ ಕೇಂದ್ರಗಳು 1972ರಿಂದ ಹಳ್ಳಿಯ ಯುವಕ ಮಂಡಳಿಗಳ ಜೊತೆ ಕೆಲಸ ಮಾಡುತ್ತ ಬಂದವು. 2023ರಲ್ಲಿ ಕೇಂದ್ರ ಸರ್ಕಾರ 15ರಿಂದ 29 ವರ್ಷದವರಿಗೆಂದು ‘ಮೇರಾ ಯುವ ಭಾರತ್’ ಆರಂಭಿಸಿತು. ಅಲ್ಲಿ ಮೊಬೈಲಿನಲ್ಲಿ ಹೆಸರು ಬರೆಸುವುದು ಒಳ್ಳೆಯದೇ, ಆದರೆ ಅದು ಸಂಘದ ನೋಂದಣಿಯಲ್ಲ. ಅದರಿಂದ ನಿಮ್ಮ ಶಾಮಿಯಾನ ಸಂಘದ ಆಸ್ತಿಯಾಗುವುದಿಲ್ಲ.

ನೋಂದಣಿಯಾದ ದಿನವೇ ಅಟ್ಟದ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸಿ ಎಣಿಸಿ, ದಾಸ್ತಾನು ಪುಸ್ತಕದಲ್ಲಿ ಬರೆದು, ಇಟ್ಟುಕೊಂಡವರ ಸಹಿ ಪಡೆಯಿರಿ. ಹಳೆಯ ಖಾತೆಯಲ್ಲಿ ಉಳಿದ ಹಣವನ್ನೂ ಹೊಸ ಖಾತೆಗೆ ಹಾಕಿಸಿ, ರಸೀದಿ ಕೊಡಿ.