ಕಾಡು ಕೂಡಿಟ್ಟ ನೀರಿನ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ನೀರಿನ ಚಿಂತೆ ಹುಟ್ಟುವುದು ಆಷಾಢದಲ್ಲಲ್ಲ, ಹಳ್ಳ ಸೊರಗುವ ಬೇಸಿಗೆಯಲ್ಲಿ. ಮೇಲಿನ ಬೆಟ್ಟದಲ್ಲಿ ಕಾಡಿದ್ದರೆ ಕೆಳಗಿನ ಹಳ್ಳ ಬೇಗ ಬತ್ತದು ಎಂಬುದು ಹಿರಿಯರ ಅನುಭವ. ಉತ್ತರ ಕನ್ನಡದಲ್ಲಿ ಇದನ್ನು ಅಳೆದು ನೋಡಿದವರಲ್ಲಿ ಜಲವಿಜ್ಞಾನಿ ಮೈಕ್ ಬೊನೆಲ್ ಒಬ್ಬರು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡುಗಳಲ್ಲಿ ಮಳೆನೀರಿನ ಜಾಡು ಹಿಡಿದ ಬೊನೆಲ್, ಬಳಿಕ ಯುನೆಸ್ಕೊದ ಅಂತರರಾಷ್ಟ್ರೀಯ ಜಲವಿಜ್ಞಾನ ಕಾರ್ಯಕ್ರಮದಲ್ಲಿ ದುಡಿದರು. ಹಲವು ದೇಶಗಳ ವಿಜ್ಞಾನಿಗಳನ್ನು ಒಂದುಗೂಡಿಸಿದರು. ಇಲ್ಲಿ ಅವರ ಜೊತೆಗಿದ್ದವರು ಜಗದೀಶ್ ಕೃಷ್ಣಸ್ವಾಮಿ, ಬೆಳಗಾವಿಯ ಬಿ. ವೆಂಕಟೇಶ್, ಬಿ.ಕೆ. ಪುರಂದರ ಮೊದಲಾದವರು.

2003ರಿಂದ 2005ರವರೆಗೆ ಕರಾವಳಿ ಮತ್ತು ಘಟ್ಟದ ಮೇಲಿನ 11 ಕಿರುಜಲಾನಯನಗಳಲ್ಲಿ ಮಳೆ, ಹರಿವುಗಳ ದಾಖಲೆ ನಡೆಯಿತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಲೆನಾಡಿನ ಸಹಜ ಕಾಡಿನಲ್ಲಿ ಮಳೆಗಾಲದ ಮಳೆಯ ಶೇ. 61ರಷ್ಟು ನೆಲಕ್ಕೆ ಇಂಗುತ್ತದೆಂದು ಅಂದಾಜಾಯಿತು. ಅಕೇಶಿಯಾ ನೆಡುತೋಪಿನಲ್ಲಿ ಇದು ಶೇ. 55, ಕಾಡು ಸವೆದ ಬೆಟ್ಟದಲ್ಲಿ ಕೇವಲ ಶೇ. 36.

ಕಾರಣ ಸರಳ. ಮೋಡ ಮುಸುಕಿದ ಮಳೆಗಾಲದಲ್ಲಿ ಮರಗಳು ಆವಿಯಾಗಿ ಬಿಡುವ ನೀರು ಕಡಿಮೆ, ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಷ್ಟು ನೀರು ಥಟ್ಟನೆ ಹರಿದುಹೋಗುತ್ತದೆ ಎಂಬುದೇ ಮುಖ್ಯ. ಗಟ್ಟಿಯಾದ ನೆಲ ನೀರು ಕುಡಿಯದು.

ಬೊನೆಲ್ 2014ರಲ್ಲಿ ತೀರಿಕೊಂಡರು. ಸೊಪ್ಪಿನ ಬೆಟ್ಟದಿಂದ ದರಕು, ಸೊಪ್ಪು ತರುವವರಿಗೆ ಅವರ ತಂಡದ ಲೆಕ್ಕ ಹೇಳುವುದಿಷ್ಟೇ: ಬೆಟ್ಟ ಬೋಳಾದರೆ ತೋಟಕ್ಕೆ ತಪ್ಪುವುದು ಗೊಬ್ಬರ ಮಾತ್ರವಲ್ಲ, ಬೇಸಿಗೆಯ ನೀರು ಕೂಡ.