ಕೆಸರು ದಾರಿಗೆ ಲಾರಿ: ಕೊಳ್ಳುವ ಮುನ್ನ ಒಂದು ಲೆಕ್ಕ

ಸರಕು ಸಾಗಣೆಯ ವಾಹನ ಕೊಳ್ಳುವಾಗ ನಮ್ಮ ಉದ್ದಿಮೆದಾರರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ವಿಚಾರಿಸುತ್ತಾರೆ: ಬೆಲೆ, ಮೈಲೇಜು ಮತ್ತು ಸಾಲದ ಕಂತು. ಡಾಂಬರು ರಸ್ತೆಯಲ್ಲೇ ಓಡುವ ವಾಹನಕ್ಕೆ ಇಷ್ಟು ಸಾಕು. ತೋಟ, ಕಲ್ಲುಕ್ವಾರಿ, ಇಟ್ಟಿಗೆಗೂಡುಗಳಿಗೆ ಇಳಿಯಬೇಕಾದ ವಾಹನಕ್ಕೆ ನಾಲ್ಕನೆಯ ಪ್ರಶ್ನೆಯೊಂದಿದೆ: ವರ್ಷದಲ್ಲಿ ಎಷ್ಟು ದಿನ ಅದು ಕೆಸರಿನಲ್ಲಿ ಓಡಬೇಕು? ಈ ಪ್ರಶ್ನೆಯನ್ನು ಕೇಳದೆ ಸಲಹೆ ನೀಡಿ ತಪ್ಪಿದವರಲ್ಲಿ ಈ ಲೇಖಕನೂ ಒಬ್ಬ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಸೀಮೆಯ ನಮ್ಮ ಕಕ್ಷಿದಾರರೊಬ್ಬರು ಅಡಿಕೆ ತೋಟಗಳನ್ನು ಚೇಣಿಗೆ ಹಿಡಿದಿದ್ದರು. ಅವರು ತಂದ ಎರಡು ದರಪಟ್ಟಿಗಳಲ್ಲಿ ಕಡಿಮೆ ಬೆಲೆಯ, ಹಿಂದಿನ ಚಕ್ರಗಳಷ್ಟೇ ಎಳೆಯುವ ಪಿಕಪ್ ವಾಹನವನ್ನು ನಾನು ಸೂಚಿಸಿದೆ. ಸೆಪ್ಟೆಂಬರಿನಲ್ಲಿ ಕೊಯ್ಲು ಆರಂಭವಾದಾಗ ಮಳೆ ಇನ್ನೂ ಬಿಟ್ಟಿರಲಿಲ್ಲ. ಹಸಿ ಅಡಿಕೆ ಕೊನೆ ತುಂಬಿದ ಗಾಡಿ ತೋಟದ ತಗ್ಗಿನಲ್ಲಿ ಹೂತು ಎರಡು ದಿನ ನಿಂತಿತು. ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಟ್ಟು ದರ್ಜೆ ಇಳಿಯುತ್ತದೆ. ಚೇಣಿಯ ಹಣ ಮೊದಲೇ ನಿಗದಿಯಾಗಿರುವುದರಿಂದ ನಷ್ಟವೆಲ್ಲವೂ ಅವರ ಪಾಲಿಗೇ ಬಂದಿತು. ವರ್ಷಾಂತ್ಯದಲ್ಲಿ ಪುಸ್ತಕ ನೋಡುವಾಗ 'ಇತರೆ ವೆಚ್ಚ'ದ ಶೀರ್ಷಿಕೆಯಡಿ 'ಗಾಡಿ ಎಳೆಸಿದ ಟ್ರ್ಯಾಕ್ಟರ್ ಬಾಡಿಗೆ' ಎಂಬ ನಮೂದು 31 ಬಾರಿ ಕಂಡಿತು. ನನ್ನ ಸಲಹೆಯ ನಿಜವಾದ ಬೆಲೆ ಆ ಸಾಲುಗಳಲ್ಲಿತ್ತು.

ವಾಹನ ಏಕೆ ಹೂಳುತ್ತದೆ?

ಕೆಸರಿನಲ್ಲಿ ಸೋಲುವುದು ಬಹುಮಟ್ಟಿಗೆ ಎಂಜಿನ್ನಿನ ಶಕ್ತಿಯಲ್ಲ, ಚಕ್ರದ ಹಿಡಿತ. ಸಾಧಾರಣ ಡಿಫರೆನ್ಷಿಯಲ್ ಇರುವ ಆಕ್ಸಲಿನಲ್ಲಿ ಒಂದು ಚಕ್ರ ಜಾರಿದರೆ ಅದೇ ಗಿರಗಿರನೆ ತಿರುಗುತ್ತದೆ. ಗಟ್ಟಿ ನೆಲದಲ್ಲಿರುವ ಇನ್ನೊಂದು ಚಕ್ರ ಸುಮ್ಮನಿರುತ್ತದೆ. ಆದುದರಿಂದ ಕೊಳ್ಳುವ ಮುನ್ನ ಈ ಅಂಶಗಳನ್ನು ಪರಿಶೀಲಿಸುವುದು ಒಳಿತು.

1. ಚಾಲನೆ: ನಾಲ್ಕೂ ಚಕ್ರಗಳು ಎಳೆಯುವ ವ್ಯವಸ್ಥೆಯೊಂದಿಗೆ 'ಲೋ' ಗೇರು ಹಾಗೂ ಡಿಫರೆನ್ಷಿಯಲ್ ಲಾಕ್ ಇವೆಯೇ ಎಂದು ಕೇಳಬೇಕು. ಲಾಕನ್ನು ಕೆಸರು ದಾಟುವಾಗ ಮಾತ್ರ ಬಳಸಿ, ಡಾಂಬರಿಗೆ ಬಂದೊಡನೆ ಬಿಡಿಸಬೇಕೆಂದು ಚಾಲಕನಿಗೆ ತಿಳಿಸಿರಬೇಕು.

2. ಟೈರು: ಹೆದ್ದಾರಿಯ ಸಣ್ಣ ಗೀರಿನ ಟೈರಿನಲ್ಲಿ ಮಣ್ಣು ಮೆತ್ತಿಕೊಂಡು ನುಣುಪಾಗುತ್ತದೆ. ದಪ್ಪ ಗಟ್ಟಿಗಳ ಲಗ್ ಟೈರು ಮಣ್ಣನ್ನು ಕೊಡವಿಕೊಳ್ಳುತ್ತದೆ. ಆರು ಚಕ್ರದ ಲಾರಿಗಳಲ್ಲಿ ಹಿಂದಿನ ಜೋಡಿ ಟೈರುಗಳ ನಡುವೆ ಕೆಸರೂ ಕಲ್ಲೂ ಸಿಕ್ಕಿಕೊಳ್ಳುವುದುಂಟು.

3. ನೆಲದಿಂದ ಎತ್ತರ: ಮಧ್ಯಭಾಗದ ಎತ್ತರಕ್ಕಿಂತ ಡಿಫರೆನ್ಷಿಯಲ್ ಗುಂಡಿನ ಕೆಳಗಿನ ಎತ್ತರ ಮುಖ್ಯ. ಅದು ದಿಬ್ಬಕ್ಕೆ ತಾಗಿದರೆ ನಾಲ್ಕು ಚಕ್ರಗಳ ಬಲವೂ ವ್ಯರ್ಥ.

4. ತೂಕ: 2018ರಲ್ಲಿ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಲಾಯಿತು. ಕಾನೂನು ಒಪ್ಪಿತೆಂದು ಕೆಸರು ಒಪ್ಪುವುದಿಲ್ಲ. ಭಾರವಾದ ಗಾಡಿ ಆಳಕ್ಕೆ ಇಳಿಯುತ್ತದೆ. ಹಿಂಚಕ್ರ ಚಾಲನೆಯ ಪಿಕಪ್ ಮಾತ್ರ ಖಾಲಿಯಿದ್ದಾಗಲೇ ಹೆಚ್ಚು ಜಾರುತ್ತದೆ.

5. ಹೊಗೆ ಶೋಧಕ: 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ತೋಟದೊಳಗೆ ನಿಧಾನವಾಗಿ, ಅಲ್ಪ ದೂರವಷ್ಟೇ ಓಡಿದರೆ ಅದು ಕಟ್ಟಿಕೊಳ್ಳುವ ಸಂಭವವಿದೆ. ಆಗಾಗ್ಗೆ ಹೆದ್ದಾರಿಯಲ್ಲಿ ಓಡಿಸುವುದು ಅಗತ್ಯ.

ಅಂಕಿಗಳ ಮಾತು

ಲೆಕ್ಕದ ವಿಧಾನವನ್ನು ತೋರಿಸಲು ಒಂದು ಕಾಲ್ಪನಿಕ ಉದಾಹರಣೆ: ನಾಲ್ಕು ಚಕ್ರ ಚಾಲನೆಯ ಮಾದರಿಗೆ ರೂ. 2,00,000 ಹೆಚ್ಚು ಕೊಡಬೇಕೆನ್ನೋಣ. ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ರೂ. 25,000. ಬಡ್ಡಿ, ಹೆಚ್ಚಿನ ಡೀಸೆಲ್ ಮತ್ತು ಟೈರಿಗೆ ರೂ. 35,000 ಸೇರಿದರೆ ರೂ. 60,000. ಟ್ರ್ಯಾಕ್ಟರ್ ನೆರವಿಗೆ ದಿನಕ್ಕೆ ರೂ. 1,500 ಆದರೆ, 40 ಕೆಸರು ದಿನಗಳಲ್ಲಿ ಎರಡೂ ಸಮವಾಗುತ್ತವೆ. ಅದಕ್ಕಿಂತ ಕಡಿಮೆ ದಿನಗಳಿದ್ದರೆ ಸಾಧಾರಣ ವಾಹನವೇ ಲಾಭಕರ. ಹೆಚ್ಚಿದ್ದರೆ ನಾಲ್ಕು ಚಕ್ರ ಚಾಲನೆ. ಆದರೆ ತಡವಾದರೆ ಕೆಡುವ ಸರಕಾದಲ್ಲಿ, ಸರಕಿನ ನಷ್ಟವೆಂಬ ಇನ್ನೊಂದು ಕಲಮನ್ನು ಸೇರಿಸಲೇಬೇಕು. ನಾನು ಅಂದು ಬಿಟ್ಟಿದ್ದು ಇದನ್ನೇ.

ತೆರಿಗೆಯ ಕಡೆಯಿಂದಲೂ ಗಮನಿಸಬೇಕಾದುದಿದೆ. ಸರಕು ಸಾಗಣೆ ವಾಹನದ ಮೇಲಿನ ಜಿ.ಎಸ್.ಟಿ. ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸುವ ನೋಂದಾಯಿತ ವ್ಯಾಪಾರಿಗೆ ಇದರ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಜಮೆ ಪಡೆದ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಎರಡು ಸಾಲು ಆಸನದ ಪಿಕಪ್ ಆದರೆ, ನೋಂದಣಿ ಸರಕು ವಾಹನವೆಂದೋ ಸ್ವಂತ ಬಳಕೆಯ ವಾಹನವೆಂದೋ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಆದಾಯ ತೆರಿಗೆಯಲ್ಲಿ ಸ್ವಂತ ಸರಕಿನ ಲಾರಿಗೆ ಸವಕಳಿ ಶೇ. 15, ಬಾಡಿಗೆ ವ್ಯವಹಾರದ ಲಾರಿಗೆ ಶೇ. 30. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಆದಕಾರಣ ಕೊಯ್ಲಿಗೆ ಬೇಕಾದ ವಾಹನವನ್ನು ಸೆಪ್ಟೆಂಬರಿನಲ್ಲೇ ಬಳಕೆಗೆ ತಂದರೆ ಕೆಲಸವೂ ಆಯಿತು, ಪೂರ್ತಿ ಸವಕಳಿಯೂ ದೊರೆಯಿತು. ಆದರೆ ತೆರಿಗೆಯ ಉಳಿತಾಯಕ್ಕಾಗಿಯೇ ದುಬಾರಿ ವಾಹನ ಕೊಳ್ಳುವುದು ವಿವೇಕವಲ್ಲ.

ಕೊಂಡ ಮೇಲೆ ಎತ್ತರ ಹೆಚ್ಚಿಸುವುದು, ದೊಡ್ಡ ಟೈರು ಹಾಕಿಸುವುದು ಇತ್ಯಾದಿ ಮಾರ್ಪಾಡುಗಳಿಗೆ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಅನ್ವಯಿಸುತ್ತದೆ. ಅನುಮತಿಯಿಲ್ಲದ ಬದಲಾವಣೆಯಿಂದ ವಿಮೆಯ ಪರಿಹಾರಕ್ಕೂ ತೊಡಕಾಗಬಹುದು.

ದಾರಿಯೂ ಬಂಡವಾಳವೇ

ನಮ್ಮ ಕಕ್ಷಿದಾರರು ಮರುವರ್ಷ ಹೊಸ ವಾಹನ ಕೊಳ್ಳಲಿಲ್ಲ. ಗಾಡಿ ಎಲ್ಲೆಲ್ಲಿ ಹೂತಿತ್ತೆಂದು ಚಾಲಕನನ್ನು ಕೂರಿಸಿಕೊಂಡು ಪಟ್ಟಿ ಮಾಡಿದೆವು. 31 ಬಾರಿಯಲ್ಲಿ ಹೆಚ್ಚಿನವು ಎರಡೇ ತಗ್ಗುಗಳಲ್ಲಿ ಆಗಿದ್ದವು. ತೋಟದ ಮಾಲೀಕರನ್ನು ಒಪ್ಪಿಸಿ ಅಲ್ಲಿ ಜಂಬಿಟ್ಟಿಗೆ ಚೂರು ಹಾಸಿಸಿದರು, ಬದಿಯಲ್ಲಿ ನೀರು ಹರಿಯಲು ಕಾಲುವೆ ತೆಗೆಸಿದರು, ಹಿಂದಿನ ಚಕ್ರಗಳಿಗೆ ಲಗ್ ಟೈರು ಹಾಕಿಸಿದರು. ಆ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಬಾಡಿಗೆಯ ನಮೂದು ನಾಲ್ಕಕ್ಕೆ ಇಳಿಯಿತು.

ಎಲ್ಲರಿಗೂ ಇದೇ ಪರಿಹಾರವೆಂದಲ್ಲ. ದಾರಿ ತಮ್ಮದಲ್ಲದವರಿಗೆ, ದಿನಕ್ಕೊಂದು ತೋಟಕ್ಕೆ ಹೋಗುವವರಿಗೆ ನಾಲ್ಕು ಚಕ್ರ ಚಾಲನೆಯ ವಾಹನ ಅನಿವಾರ್ಯವಾದೀತು. ದೊಡ್ಡ ಲಾರಿಯುಳ್ಳವರು ಅದನ್ನು ಡಾಂಬರಿನ ಅಂಚಿನಲ್ಲೇ ನಿಲ್ಲಿಸಿ, ಒಳಗಿನಿಂದ ಟ್ರ್ಯಾಕ್ಟರಿನಲ್ಲಿ ಸರಕು ತರಿಸುವುದೇ ಲೇಸು. ಯಾವುದಾದರೂ ಆಗಲಿ, ದರಪಟ್ಟಿಗೆ ಸಹಿ ಹಾಕುವ ಮುನ್ನ ಸದಸ್ಯ ಮಿತ್ರರು ಕಳೆದ ವರ್ಷದ ಖರ್ಚಿನ ಪುಸ್ತಕವನ್ನೊಮ್ಮೆ ತೆರೆದು ನೋಡಲಿ. ತಮ್ಮ ಚಾಲಕನನ್ನೊಮ್ಮೆ ವಿಚಾರಿಸಲಿ. ದಾರಿಯ ಗುಣ ಮಾರಾಟಗಾರನಿಗಿಂತ ಅವನಿಗೆ ಚೆನ್ನಾಗಿ ಗೊತ್ತು.