ಹವಳದ ತೊಟ್ಟಿಗೆ ಎಷ್ಟು ಬೆಳಕು ಸಾಕು?

ಉಪ್ಪುನೀರಿನ ಸಣ್ಣ ಅಕ್ವೇರಿಯಂನಲ್ಲಿ ಹವಳ ಸಾಕಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ದೀಪ ಎಷ್ಟು ವ್ಯಾಟ್ ಎಂದು. ವ್ಯಾಟ್ ತಿಳಿಸುವುದು ದೀಪ ಎಳೆಯುವ ಕರೆಂಟಿನ ಲೆಕ್ಕವನ್ನು ಮಾತ್ರ. ಪೊಟ್ಟಣದ ಮೇಲಿನ ಲ್ಯೂಮೆನ್‌ಗೆ ಮನುಷ್ಯನ ಕಣ್ಣೇ ಅಳತೆಗೋಲು. ಅದು 555 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕಿಗೆ ಹೆಚ್ಚು ಅಂಕ ಕೊಡುತ್ತದೆ. ಹವಳದ ಲೆಕ್ಕ ಬೇರೆ. ಹವಳವೊಂದು ಪ್ರಾಣಿ, ಅದರ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ನೆಲೆಸಿದೆ. ಬೆಳಕಿನಿಂದ ಪಾಚಿ ತಯಾರಿಸುವ ಆಹಾರದಲ್ಲಿ ದೊಡ್ಡ ಪಾಲು ಹವಳಕ್ಕೆ ಸಲ್ಲುತ್ತದೆ. ಹಾಗಾಗಿ ದೀಪ ಆರಿಸುವಾಗ ಕೇಳಬೇಕಾದದ್ದು ಒಂದೇ: ಹವಳ ಕೂತ ಜಾಗಕ್ಕೆ ಈ ಪಾಚಿಗೆ ದಕ್ಕುವ ಬೆಳಕು ಎಷ್ಟು ತಲುಪುತ್ತದೆ?

ಅದನ್ನು ಅಳೆಯುವ ಮಾನಕ್ಕೆ ಪಾರ್ ಎನ್ನುತ್ತಾರೆ. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದನ್ನು ಮೈಕ್ರೋಮೋಲ್‌ನಲ್ಲಿ ಹೇಳುತ್ತಾರೆ. ಹವಳ ಸಾಕುವವರ ರೂಢಿಯಂತೆ ಮಶ್ರೂಮ್ ಹವಳದಂಥ ಮೆದು ಜಾತಿಗಳಿಗೆ 50ರಿಂದ 100 ಸಾಕು; ದಪ್ಪ ಪಾಲಿಪ್‌ನ ಯೂಫಿಲಿಯಾಗೆ 100ರಿಂದ 150; ಕವಲೊಡೆದು ಬೆಳೆಯುವ ಆಕ್ರೊಪೊರಾಗೆ 200ಕ್ಕೂ ಮೇಲೆ. 35 ಸೆಂಟಿಮೀಟರ್ ಆಳದ ತೊಟ್ಟಿಯಲ್ಲಿ ಮೊದಲೆರಡು ಬಗೆಯ ಹವಳಗಳಿಗೆ ಸಾಧಾರಣ ಎಲ್‌ಇಡಿಯೇ ಸಾಕು. ಆದರೆ ಒಂದೇ ಬಿಂದುವಿನಿಂದ ಬೀಳುವ ಎಲ್‌ಇಡಿ ಬೆಳಕು ನಡುವೆ ಪ್ರಖರವಾಗಿ, ಮೂಲೆಗಳಲ್ಲಿ ಮಂಕಾಗುತ್ತದೆ. ದೀಪವನ್ನು ಸ್ವಲ್ಪ ಎತ್ತರಿಸಿದರೆ ಈ ವ್ಯತ್ಯಾಸ ತಗ್ಗುತ್ತದೆ.

ನಡುಹಗಲಲ್ಲಿ ಉಷ್ಣವಲಯದ ಸಮುದ್ರದ ಮೇಲೆ ಸುಮಾರು 2000 ಮೈಕ್ರೋಮೋಲ್ ಬೆಳಕು ಸುರಿಯುವಾಗ ತೊಟ್ಟಿಯಲ್ಲಿ ಜಿಪುಣತನ ಏಕೆ ಎಂದು ಕೇಳಬಹುದು. ಆಳಕ್ಕೆ ಇಳಿದಂತೆ ಬೆಳಕು ಬೇಗ ಕುಗ್ಗುತ್ತದೆ. ಕೆಂಪು ಮೊದಲ ಕೆಲವು ಮೀಟರ್‌ಗಳಲ್ಲೇ ಸೋಸಿಹೋಗಿ ನೀಲಿ ಮುಂದಕ್ಕೆ ಸಾಗುತ್ತದೆ. ಪಾಚಿಯ ವರ್ಣದ್ರವ್ಯಗಳೂ ನೀಲಿಯನ್ನೇ ಚೆನ್ನಾಗಿ ಹೀರುತ್ತವೆ. ಹವಳದ ದೀಪಗಳ ನೀಲಿ ಛಾಯೆ ಬರೀ ಷೋಕಿಯಲ್ಲ ಎನ್ನಲು ಇದೇ ಆಧಾರ. ಇನ್ನು, ಒಂದು ಮಿತಿ ದಾಟಿದ ಮೇಲೆ ಬೆಳಕು ಹೆಚ್ಚಿಸಿದರೂ ಪಾಚಿಯ ಉತ್ಪಾದನೆ ಹೆಚ್ಚದು. ಉಳಿದ ಶಕ್ತಿಯಿಂದ ಹಾನಿಕರ ಆಮ್ಲಜನಕ ರೂಪಗಳು ಹುಟ್ಟುತ್ತವೆ, ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೆಳಕು ಕಡಿಮೆಯಾದಾಗ ಬಣ್ಣ ಸಾಮಾನ್ಯವಾಗಿ ಕಂದಿಗೆ ತಿರುಗುತ್ತದೆ. ಕಂದಿದ್ದನ್ನು ನಿಧಾನವಾಗಿ ಸರಿಪಡಿಸಬಹುದು, ಬಿಳಿಚಿದ್ದು ಸತ್ತೇ ಹೋಗಬಹುದು. ಆದ್ದರಿಂದ ದೀಪವನ್ನು ಅರ್ಧ ಶಕ್ತಿಯಲ್ಲಿ ಶುರುಮಾಡಿ, ವಾರವಾರ ಸ್ವಲ್ಪಸ್ವಲ್ಪವೇ ಏರಿಸುವುದು ಜಾಣತನ.

ಕಿಟಕಿಯ ಬಿಸಿಲು ಪುಕ್ಕಟೆ ಇರುವಾಗ ದೀಪ ಏಕೆ ಎನ್ನುವವರೂ ಇದ್ದಾರೆ. ಬಿಸಿಲಿನ ಪ್ರಮಾಣ ನಮ್ಮ ಹಿಡಿತದಲ್ಲಿಲ್ಲ. ಮೋಡ, ಋತು, ದಿಕ್ಕು ಎಲ್ಲವೂ ಅದನ್ನು ಬದಲಿಸುತ್ತವೆ. ಅದು ಪಕ್ಕದಿಂದ ಬೀಳುವುದರಿಂದ ಗಾಜಿನ ಮೇಲೆ ಪಾಚಿ ಹಬ್ಬುತ್ತದೆ. ಐವತ್ತು ಲೀಟರ್ ನೀರು ಬೇಗ ಕಾಯುತ್ತದೆ, ಹವಳಕ್ಕೆ ಹಿತವಾದದ್ದು ಸುಮಾರು 25ರಿಂದ 27 ಡಿಗ್ರಿ ಸೆಲ್ಸಿಯಸ್. ಹಳೆಯ ಮೆಟಲ್ ಹ್ಯಾಲೈಡ್ ದೀಪ ಹವಳವನ್ನು ಚೆನ್ನಾಗಿಯೇ ಬೆಳೆಸಿದರೂ ಸಣ್ಣ ತೊಟ್ಟಿಗೆ ಒಗ್ಗದಿರುವುದಕ್ಕೂ ಈ ಕಾವೇ ಕಾರಣ. ಎಲ್‌ಇಡಿಯಾದರೆ ಟೈಮರ್ ಇಟ್ಟು ದಿನಕ್ಕೆ ಎಂಟು–ಹತ್ತು ಗಂಟೆ ತಪ್ಪದೆ ಉರಿಸಬಹುದು.

ಹೀಗಾಗಿ ಮೊದಲು ಹವಳ ಯಾವುದೆಂದು ತೀರ್ಮಾನವಾಗಬೇಕು, ದೀಪ ಆಮೇಲೆ. ಆ ತೀರ್ಮಾನಕ್ಕೆ ಕಾನೂನಿನ ಅಂಕೆಯೂ ಇದೆ: ಮುರುಡೇಶ್ವರದಾಚೆಯ ನೇತ್ರಾಣಿಯೂ ಸೇರಿ ನಮ್ಮ ಕಡಲಿನ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ಅವನ್ನು ಕಿತ್ತು ತರುವುದು ಅಪರಾಧ. ಹೊಸಬರು ಕಾನೂನುಬದ್ಧ ಮೂಲದ ಮೆದು ಜಾತಿಗಳಿಂದ ಆರಂಭಿಸುವುದು ಲೇಸು. ಅವಕ್ಕೆ ದುಬಾರಿ ದೀಪ ಬೇಡ. ಬೆಳಕನ್ನು ಏರಿಸಿ ಇಳಿಸಬಲ್ಲ ಸಾಧಾರಣ ದೀಪವೊಂದಿದ್ದರೆ ಆಯಿತು.